ಎಮ್ಮೆಯ ಸೂಜಿ, ಮುಧೋಳದ ನಾಯಿ: ಸಾಕುಪ್ರಾಣಿಗೆ ಕೊಟ್ಟ ಔಷಧಿ ಯಾಕೆ ತಿರುಗಿಬೀಳುತ್ತದೆ?

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ನಾಯಿಗೆ ಉಣ್ಣಿ ಹತ್ತಿದರೆ ಬಹಳ ಜನ ಮೊದಲು ಹೋಗುವುದು ಡಾಕ್ಟರ್ ಹತ್ತಿರ ಅಲ್ಲ, ಔಷಧಿ ಅಂಗಡಿಗೆ. "ನಾಯಿಗೆ ಉಣ್ಣಿ ಭಾಳ ಆಗ್ಯಾವ, ಒಂದು ಸೂಜಿ ಕೊಡ್ರಿ" ಅಂದರೆ ಮುಗೀತು. ದನ-ಎಮ್ಮೆಗೆ ಅಂತ ಇಟ್ಟಿರುವ ಐವರ್‌ಮೆಕ್ಟಿನ್ ಬಾಟಲಿ ಕೈಗೆ ಬರುತ್ತದೆ. ಜೊತೆಗೊಂದು 5 ಮಿಲಿ ಸಿರಿಂಜ್. ಎಷ್ಟು ಹಾಕಬೇಕು ಅಂತ ಕೇಳಿದರೆ "ಸಣ್ಣದಿದ್ರ ಅರ್ಧ, ದೊಡ್ಡದಿದ್ರ ಒಂದು" ಅನ್ನುವ ಉತ್ತರ. ಬಹಳ ಸಲ ಏನೂ ಆಗುವುದಿಲ್ಲ. ಉಣ್ಣಿ ಕಡಿಮೆಯಾಗುತ್ತವೆ, ಎಲ್ಲರಿಗೂ ಖುಷಿ. ಒಮ್ಮೊಮ್ಮೆ ಮಾತ್ರ ರಾತ್ರಿ ಹೊತ್ತಿಗೆ ನಾಯಿ ತೂರಾಡಲು ಶುರುಮಾಡುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಜೊಲ್ಲು ಸುರಿಯುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ. ಮರುದಿನ ಓಣಿಯಲ್ಲಿ ಸುದ್ದಿ: ಔಷಧಿ ಸೈಡ್ ಎಫೆಕ್ಟ್ ಆಯಿತಂತೆ.

ಇದರಲ್ಲಿ ಅರ್ಧ ಮಾತ್ರ ನಿಜ. ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಸೈಡ್ ಎಫೆಕ್ಟ್ ಅನ್ನುವ ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ. ಸರಿಯಾದ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಕೆಲವು ಪ್ರಾಣಿಗಳಿಗೆ ತೊಂದರೆ ಆಗುತ್ತದೆ. ನಿಜವಾದ ಅಡ್ಡಪರಿಣಾಮ ಅಂದರೆ ಅದು. ಪ್ರಮಾಣ ತಪ್ಪಿದರೆ ಆಗುವುದು ವಿಷಬಾಧೆ. ಆ ಪ್ರಾಣಿಗೆ ಕೊಡಲೇಬಾರದ ಔಷಧಿ ಕೊಟ್ಟರೆ ಅದು ಮೂರನೇ ಥರ. ನಮ್ಮ ಕಡೆಯ ಕಥೆಗಳನ್ನು ಕೆದಕಿ ಕೇಳಿದರೆ ಎರಡನೆಯದು, ಮೂರನೆಯದೇ ಜಾಸ್ತಿ ಸಿಗುತ್ತವೆ. ಅಂದರೆ ತಪ್ಪು ಬಹಳ ಸಲ ಔಷಧಿಯದ್ದಲ್ಲ, ಲೆಕ್ಕದ್ದು. ಇನ್ನು ನಿಜವಾದ ಅಡ್ಡಪರಿಣಾಮಗಳನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ಹಾಗಾಗಿ ಎರಡೂ ಕಲಸಿಹೋಗಿ, ಒಳ್ಳೆಯ ಔಷಧಿಗೂ ಕೆಟ್ಟ ಹೆಸರು ಬರುತ್ತದೆ, ಕೆಟ್ಟ ಅಭ್ಯಾಸಕ್ಕೆ ಮಾತ್ರ ಏನೂ ಆಗುವುದಿಲ್ಲ.

ಆ ಬಾಟಲಿಯನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಮೇಲೆ ಶೇ 1 ಅಂತ ಬರೆದಿರುತ್ತದೆ. ಅಂದರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಐವರ್‌ಮೆಕ್ಟಿನ್. ದನಕ್ಕೆ ಪ್ರತಿ 50 ಕೆಜಿ ತೂಕಕ್ಕೆ 1 ಮಿಲಿ. 300 ಕೆಜಿಯ ಎಮ್ಮೆಗೆ 6 ಮಿಲಿ. ಎಮ್ಮೆಗೆ ಅರ್ಧ ಮಿಲಿ ಆಚೀಚೆ ಆದರೂ ದೊಡ್ಡ ವ್ಯತ್ಯಾಸವಿಲ್ಲ. ಈಗ ಅದೇ ಪ್ರಮಾಣವನ್ನು 20 ಕೆಜಿ ನಾಯಿಗೆ ಲೆಕ್ಕ ಹಾಕಿ. 0.4 ಮಿಲಿ ಆಯಿತು. 2 ಕೆಜಿ ಕುನ್ನಿಮರಿಗೆ? 0.04 ಮಿಲಿ. 5 ಮಿಲಿ ಸಿರಿಂಜ್ ಮೇಲಿನ ಅತಿ ಸಣ್ಣ ಗೆರೆ ಸಾಮಾನ್ಯವಾಗಿ 0.2 ಮಿಲಿ. ಅಂದರೆ ಆ ಸಿರಿಂಜ್‌ನಲ್ಲಿ ಅಳೆಯಲು ಸಾಧ್ಯವಿರುವ ಅತಿ ಕಡಿಮೆ ಔಷಧಿಯೇ ಮರಿಗೆ ಐದು ಪಟ್ಟು ಹೆಚ್ಚು. "ಸಣ್ಣದಿದ್ರ ಅರ್ಧ" ಅಂದವನ ಮಾತು ಕೇಳಿ ಅರ್ಧ ಮಿಲಿ ಹಾಕಿದರೆ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಸಾಲದ್ದಕ್ಕೆ ಶೇ 3.15ರ ಸೂಜಿಮದ್ದೂ ಇದೆ. ದೀರ್ಘಕಾಲ ಕೆಲಸ ಮಾಡಲಿ ಅಂತ ದನಕ್ಕಾಗಿ ಮಾಡಿದ್ದು. ಅದರ ಬಾಟಲಿಯೂ ನೋಡಲು ಹೆಚ್ಚುಕಡಿಮೆ ಹೀಗೇ. ಅದು ಕೈಗೆ ಬಂದರೆ ಮೇಲಿನ ಲೆಕ್ಕವನ್ನೆಲ್ಲ ಮೂರರಿಂದ ಗುಣಿಸಬೇಕು.

ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಲ್ಲ. ಕಜ್ಜಿಗೆ ಪಶುವೈದ್ಯರು ಇದನ್ನೇ ಬಳಸುತ್ತಾರೆ, ತೂಕ ನೋಡಿ, ಇನ್ಸುಲಿನ್ ಸಿರಿಂಜ್‌ನಂಥ ಸಣ್ಣ ಅಳತೆಯಲ್ಲಿ. ಹೃದಯದ ಹುಳು ಬರದಂತೆ ತಿಂಗಳಿಗೊಮ್ಮೆ ಕೊಡುವ ಗುಳಿಗೆಯಲ್ಲಿ ಇದರ ಪ್ರಮಾಣ ಪ್ರತಿ ಕೆಜಿಗೆ ಬರೀ 6 ಮೈಕ್ರೋಗ್ರಾಂ. ಕಜ್ಜಿಗೆ ಕೊಡುವುದು 200ರಿಂದ ಮೇಲಕ್ಕೆ. ಹೆಸರು ಒಂದೇ, ಪ್ರಮಾಣದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚು ಅಂತರ. "ಆ ಮನೆಯವರೂ ಐವರ್‌ಮೆಕ್ಟಿನ್ನೇ ಕೊಟ್ಟರು, ಅವರ ನಾಯಿಗೆ ಏನೂ ಆಗಲಿಲ್ಲ" ಅನ್ನುವ ಮಾತಿಗೆ ಹಾಗಾಗಿ ಅರ್ಥವೇ ಇಲ್ಲ.

ತಳಿಯ ವಿಷಯವೂ ಇಲ್ಲಿ ಬರುತ್ತದೆ. ಕೋಲಿ ಜಾತಿಯ ನಾಯಿಗಳು ಐವರ್‌ಮೆಕ್ಟಿನ್‌ಗೆ ಯಾಕೆ ಅಷ್ಟು ಬೇಗ ಬೀಳುತ್ತವೆ ಅಂತ ಬಹಳ ಕಾಲ ಗೊತ್ತಿರಲಿಲ್ಲ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಾರಣ ಕಂಡುಹಿಡಿದರು. ರಕ್ತದಿಂದ ಮೆದುಳಿಗೆ ಹೋಗುವ ಔಷಧಿಯನ್ನು ಹಿಂದಕ್ಕೆ ತಳ್ಳುವ ಒಂದು ಪ್ರೋಟೀನ್ ಇದೆ. ಎಂಡಿಆರ್1 ಅನ್ನುವ ಜೀನ್ ಕೆಟ್ಟಿರುವ ನಾಯಿಗಳಲ್ಲಿ ಆ ಪ್ರೋಟೀನ್ ಕೆಲಸ ಮಾಡುವುದಿಲ್ಲ. ಬೇರೆ ನಾಯಿಗಳು ಸಲೀಸಾಗಿ ತಡೆದುಕೊಳ್ಳುವ ಪ್ರಮಾಣ ಇವುಗಳಿಗೆ ಕೋಮಾ ತರಬಹುದು. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಇದು ಸಾಮಾನ್ಯ. ಉದ್ದ ಕೂದಲಿನ ವಿಪ್ಪೆಟ್‌ಗಳಲ್ಲೂ ಇದೆ. ಬೆಳಗಾವಿ, ವಿಜಯಪುರದ ಮನೆಗಳಲ್ಲಿ ಈಗ ಎಲ್ಲ ಥರದ ತಳಿಗಳೂ ಸಿಗುತ್ತವೆ, ಮಿಶ್ರ ತಳಿಗಳಂತೂ ಲೆಕ್ಕವೇ ಇಲ್ಲ. ಅಂಗಡಿಯವನಿಗೆ ನಿಮ್ಮ ನಾಯಿಯ ಅಜ್ಜ ಯಾರು ಅಂತ ಹೇಗೆ ಗೊತ್ತಾಗಬೇಕು?

ನಮ್ಮದೇ ಜಿಲ್ಲೆಯ ಹೆಮ್ಮೆ ಮುಧೋಳದ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಸೈನ್ಯದವರೂ ತೆಗೆದುಕೊಂಡು ಹೋಗಿ ತರಬೇತಿ ಕೊಟ್ಟರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಮುತ್ತಲ ಎಷ್ಟೋ ಮನೆಗಳಿಗೆ ಮರಿ ಮಾರಾಟವೇ ಒಂದು ಆದಾಯ. ಇಷ್ಟೆಲ್ಲ ಇದ್ದರೂ ಔಷಧಿ ಕೊಡುವಾಗ ಇದನ್ನು ಬೇರೆ ನಾಯಿಗಳ ಹಾಗೆಯೇ ನೋಡುವವರು ಜಾಸ್ತಿ. ಮುಧೋಳದ ನಾಯಿಯ ಮೈ ನೋಡಿ: ಸಣ್ಣ ಸೊಂಟ, ಆಳವಾದ ಎದೆ, ಉದ್ದ ಕಾಲು, ಪಕ್ಕೆಲುಬು ಎಣಿಸಬಹುದು. ಕೊಬ್ಬು ಬಹಳ ಕಡಿಮೆ. ಗ್ರೇಹೌಂಡ್‌ನಂತೆ ನೋಟದಿಂದ ಬೇಟೆಯಾಡುವ, ಓಟದ ನಾಯಿ ಇದು.

ಗ್ರೇಹೌಂಡ್‌ಗಳ ಮೇಲೆ ಅರಿವಳಿಕೆಯ ಅಧ್ಯಯನ ಬಹಳ ನಡೆದಿದೆ. ಥಯೋಪೆಂಟಾಲ್ ಅನ್ನುವ ಹಳೆಯ ಅರಿವಳಿಕೆ ಕೊಟ್ಟರೆ ಬೇರೆ ನಾಯಿಗಳು ಬೇಗ ಏಳುತ್ತವೆ, ಗ್ರೇಹೌಂಡ್ ಗಂಟೆಗಟ್ಟಲೆ ಏಳುವುದಿಲ್ಲ. ಮೊದಲು ಇದಕ್ಕೆ ಕೊಬ್ಬಿನ ಕೊರತೆಯೊಂದೇ ಕಾರಣ ಅಂದುಕೊಂಡಿದ್ದರು, ಯಾಕೆಂದರೆ ರಕ್ತದಲ್ಲಿರುವ ಆ ಔಷಧಿಯನ್ನು ಕೊಬ್ಬು ಹೀರಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಕಾರಣ ಸಿಕ್ಕಿತು. ಔಷಧಿ ಒಡೆಯುವ ಪಿತ್ತಜನಕಾಂಗದ ಒಂದು ಕಿಣ್ವವೇ ಇವುಗಳಲ್ಲಿ ನಿಧಾನ. ಈಗ ಹೆಚ್ಚು ಬಳಕೆಯಲ್ಲಿರುವ ಪ್ರೊಪೊಫಾಲ್ ಕೂಡ ಗ್ರೇಹೌಂಡ್ ಮೈಯಿಂದ ತಡವಾಗಿ ಹೋಗುತ್ತದೆ. ಮುಧೋಳದ ನಾಯಿಯದೂ ಅದೇ ಮೈಕಟ್ಟು. ಹಾಗಾಗಿ ಸಂತಾನಹರಣವೋ, ಮುರಿದ ಕಾಲಿನ ಆಪರೇಷನ್ನೋ ಇದ್ದಾಗ "ಇದು ಮುಧೋಳ ನಾಯಿ, ಗ್ರೇಹೌಂಡ್ ಥರ ನೋಡಿಕೊಳ್ಳಿ" ಅಂತ ಹೇಳುವುದು ಮಾಲೀಕರ ಕೆಲಸ. ಬೆಂಗಳೂರು, ಪುಣೆಯಲ್ಲಿ ಈ ನಾಯಿ ಸಾಕಿದವರು ಇದನ್ನು ಇನ್ನೂ ಜಾಸ್ತಿ ನೆನಪಿಡಬೇಕು, ಅಲ್ಲಿನ ಡಾಕ್ಟರ್ ಇದನ್ನು ತೆಳ್ಳಗಿನ ಬೀದಿನಾಯಿ ಅಂದುಕೊಂಡರೂ ಆಶ್ಚರ್ಯವಿಲ್ಲ. ರಕ್ತ ಪರೀಕ್ಷೆಯಲ್ಲೂ ಒಂದು ತಿರುವು ಇದೆ. ಗ್ರೇಹೌಂಡ್‌ಗಳಲ್ಲಿ ಆರೋಗ್ಯವಾಗಿದ್ದಾಗಲೇ ಕೆಂಪುಕಣ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ. ಉಣ್ಣಿ ಕಚ್ಚಿ ಬರುವ ಉಣ್ಣಿಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಬರೀ ಪ್ಲೇಟ್‌ಲೆಟ್ ಸಂಖ್ಯೆ ನೋಡಿ ಉಣ್ಣಿಜ್ವರ ಅಂತ ತೀರ್ಮಾನಿಸಿದರೆ, ಇಲ್ಲದ ರೋಗಕ್ಕೆ ತಿಂಗಳುಗಟ್ಟಲೆ ಔಷಧಿ ನುಂಗಿಸಿದಂತಾಗುತ್ತದೆ.

ಉಣ್ಣಿಗೆ ಇನ್ನೊಂದು ಜನಪ್ರಿಯ ಔಷಧಿ ಅಮಿಟ್ರಾಜ್. ಶೇ 12.5ರ ದ್ರಾವಣ, ಸಣ್ಣ ಬಾಟಲಿ, ಕಡಿಮೆ ಬೆಲೆ. ಒಂದು ಲೀಟರ್ ನೀರಿಗೆ 2ರಿಂದ 4 ಮಿಲಿ ಬೆರೆಸಿ ಮೈಗೆ ಹಚ್ಚಬೇಕು. ಅಳೆಯುವವರು ಯಾರು? ಮುಚ್ಚಳದ ಲೆಕ್ಕ. ಒಂದು ಬಕೆಟ್ ನೀರು, ಎರಡು ಮುಚ್ಚಳ, ಉಣ್ಣಿ ಜಾಸ್ತಿ ಇದ್ದರೆ ಇನ್ನೊಂದು ಮುಚ್ಚಳ. ಗಟ್ಟಿಯಾದರೆ ನಾಯಿ ಮಂಕಾಗುತ್ತದೆ, ನಾಡಿ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಒದ್ದೆ ಮೈಯನ್ನು ನೆಕ್ಕಿದರೆ ಇನ್ನೂ ಕಷ್ಟ. ಚಿಕ್ಕ ಮರಿಗಳಿಗೆ, ಸಕ್ಕರೆ ಕಾಯಿಲೆಯ ನಾಯಿಗಳಿಗೆ, ಬೆಕ್ಕುಗಳಿಗೆ ಇದು ಬೇಡ. ಒಳ್ಳೆಯ ಸುದ್ದಿ ಅಂದರೆ ಇದಕ್ಕೆ ಪ್ರತಿಮದ್ದು ಇದೆ, ಆದರೆ ಡಾಕ್ಟರ್‌ಗೆ ಹಚ್ಚಿದ್ದು ಏನು ಅಂತ ಗೊತ್ತಾಗಬೇಕು. "ಏನೋ ಉಣ್ಣಿ ಎಣ್ಣಿ ಹಚ್ಚಿದ್ವಿ" ಅಂದರೆ ಅವರೇನು ಮಾಡಬೇಕು? ಇನ್ನು ಕಬ್ಬು, ದಾಳಿಂಬೆ, ದ್ರಾಕ್ಷಿಗೆ ತಂದ ಕೀಟನಾಶಕವನ್ನೇ ನಾಯಿಗೆ ಹಚ್ಚುವವರಿದ್ದಾರೆ. ಅದನ್ನು ಅಡ್ಡಪರಿಣಾಮ ಅಂತ ಕರೆಯುವುದೇ ತಪ್ಪು, ಅದು ನೇರ ವಿಷ. ಜೊಲ್ಲು, ನಡುಕ, ಸೂಜಿಮೊನೆಯಷ್ಟು ಸಣ್ಣ ಪಾಪೆ ಕಂಡರೆ ಮೈತೊಳೆಯುತ್ತ ಕಾಲ ಕಳೆಯದೆ ಓಡಬೇಕು.

ಬೆಕ್ಕಿನ ಕಥೆಯೇ ಬೇರೆ. ನಾಯಿಗೆ ಹೊಂದುವ ಎಷ್ಟೋ ಔಷಧಿ ಬೆಕ್ಕಿಗೆ ಹೊಂದುವುದಿಲ್ಲ. ಇದರಲ್ಲಿ ಅತಿ ಕೆಟ್ಟದ್ದು ಪ್ಯಾರಾಸಿಟಮಾಲ್. ನಮ್ಮ ಮೈಯಲ್ಲಿ ಪಿತ್ತಜನಕಾಂಗ ಈ ಔಷಧಿಗೆ ಒಂದು ಸಕ್ಕರೆಯಂಥ ಅಣುವನ್ನು ಅಂಟಿಸಿ ಮೂತ್ರಕ್ಕೆ ಕಳಿಸುತ್ತದೆ. ಬೆಕ್ಕಿನಲ್ಲಿ ಆ ಕೆಲಸ ಮಾಡುವ ಕಿಣ್ವದ ಜೀನ್ ಕೆಟ್ಟು ನಿಂತಿದೆ. ಔಷಧಿ ಹೊರಗೆ ಹೋಗದೆ ವಿಷವಾಗಿ ಬದಲಾಗುತ್ತದೆ, ಕೆಂಪುಕಣಗಳ ಮೇಲೆ ಬೀಳುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರು ಜೋರಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಜ್ವರಕ್ಕೆ ಕೊಡುವ 500 ಮಿಲಿಗ್ರಾಂನ ಒಂದೇ ಗುಳಿಗೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಕಾಲು ಗುಳಿಗೆಯೂ ಸುರಕ್ಷಿತ ಅಲ್ಲ. ಬೇಗ ಕರೆದೊಯ್ದರೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಇದೆ, ಮನುಷ್ಯರ ಆಸ್ಪತ್ರೆಯಲ್ಲಿ ಸಿಗುವಂಥದ್ದೇ. ದನಕ್ಕೆ ಕೊಡುವ ಕೆಲವು ನೋವಿನ ಸೂಜಿಗಳಲ್ಲಿ ಮೆಲಾಕ್ಸಿಕ್ಯಾಮ್ ಜೊತೆ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ. ಹೆಸರಿನ ಮೊದಲ ಭಾಗ ಮಾತ್ರ ಓದಿ ಬೆಕ್ಕಿಗೆ ಹಾಕಿದರೆ ಮುಗೀತು.

ನಾಯಿಯ ಬೆನ್ನಿಗೆ ಹನಿ ಹಾಕುವ ಉಣ್ಣಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷ. ನಾಯಿಗೆ ಹಾಕಿದ್ದು, ಬೆಕ್ಕು ಅದರ ಜೊತೆ ಮಲಗಿತು, ಸಂಜೆಗೆ ನಡುಕ ಶುರು. ಇಂಥ ಮನೆಗಳಲ್ಲಿ ಬೆಕ್ಕಿಗೆ ಯಾರೂ ಏನೂ ಕೊಟ್ಟಿರುವುದೇ ಇಲ್ಲ, ಆದ್ದರಿಂದ ಕಾರಣ ಹೊಳೆಯುವುದಿಲ್ಲ.

ನೋವಿನ ಔಷಧಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ಬರೀ ಅಂಗಡಿಯದ್ದಲ್ಲ. ನಾಯಿ ಕುಂಟುತ್ತದೆ ಅಂತ ಮನೆಯಲ್ಲಿದ್ದ ಐಬುಪ್ರೊಫೆನ್ ಅಥವಾ ಡೈಕ್ಲೋಫಿನ್ಯಾಕ್ ಕೊಡುತ್ತಾರೆ. ಎರಡೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು. ಮೆಲಾಕ್ಸಿಕ್ಯಾಮ್ ನಾಯಿಗೆ ವಾಸಿ, ಆದರೆ ಮೊದಲ ದಿನದ ಪ್ರಮಾಣಕ್ಕಿಂತ ಮುಂದಿನ ದಿನಗಳದ್ದು ಅರ್ಧ. ಇದನ್ನು ಮರೆತು ಪ್ರತಿದಿನ ಪೂರ್ತಿ ಕೊಡುವವರಿದ್ದಾರೆ. ಬೆಕ್ಕಿಗೆ ಪದೇಪದೇ ಕೊಟ್ಟರೆ ಕಿಡ್ನಿ ಹೋಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಲೇಬಲ್ ಮೇಲೆ ಚೌಕಟ್ಟಿನ ಎಚ್ಚರಿಕೆ ಹಾಕಿಸಿತು.

ಇದಕ್ಕಿಂತ ದೊಡ್ಡ ಅಪಾಯ ಎರಡು ಡಾಕ್ಟರ್‌ಗಳ ನಡುವೆ ಹುಟ್ಟುತ್ತದೆ. ನಾಯಿಗೆ ತುರಿಕೆ ಅಂತ ಒಬ್ಬರ ಹತ್ತಿರ ಹೋದಿರಿ. ಅವರು ಸ್ಟೀರಾಯ್ಡ್ ಸೂಜಿ ಹಾಕಿದರು. ತುರಿಕೆ ಅವತ್ತೇ ಇಳಿಯಿತು, ಡಾಕ್ಟರ್ ಕೈಗುಣ ಚಲೋ ಅಂತ ಹೆಸರೂ ಬಂತು. ಎರಡು ದಿನ ಬಿಟ್ಟು ಕಾಲು ಕುಂಟುತ್ತದೆ ಅಂತ ಇನ್ನೊಬ್ಬರ ಹತ್ತಿರ ಹೋದಿರಿ. ಹಿಂದಿನ ಸೂಜಿಯ ಮಾತು ಹೇಳಲಿಲ್ಲ. ಅವರು ನೋವಿನ ಗುಳಿಗೆ ಕೊಟ್ಟರು. ಸ್ಟೀರಾಯ್ಡ್ ಮತ್ತು ನೋವಿನ ಗುಳಿಗೆ ಒಟ್ಟಿಗೆ ಬಿದ್ದರೆ ಹೊಟ್ಟೆಯ ಒಳಪದರ ತೂತಾಗುವ ಮಟ್ಟಕ್ಕೂ ಹೋಗಬಹುದು. ಮಲ ಡಾಂಬರಿನಂತೆ ಕಪ್ಪಗೆ ಬಂದರೆ ಅದು ಜೀರ್ಣವಾದ ರಕ್ತ. ಇಬ್ಬರು ಡಾಕ್ಟರ್‌ಗಳದ್ದೂ ತಪ್ಪಿಲ್ಲ, ಎರಡೂ ಔಷಧಿ ಬೇರೆ ಬೇರೆಯಾಗಿ ಸರಿಯೇ. ನಡುವೆ ಚೀಟಿ ಇರಲಿಲ್ಲ, ಅಷ್ಟೇ.

ಸ್ಟೀರಾಯ್ಡ್‌ನ ಸಾಮಾನ್ಯ ಅಡ್ಡಪರಿಣಾಮ ಮಾತ್ರ ಬಹಳ ಜನ ಗುರುತಿಸುವುದಿಲ್ಲ. ನಾಯಿ ಬಕೆಟ್‌ಗಟ್ಟಲೆ ನೀರು ಕುಡಿಯುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಹಸಿವು ಜೋರು, ತೇಕು ಜಾಸ್ತಿ. ಪಾಪ, ಅದಕ್ಕೆ ಬೈಗುಳ, ಪೆಟ್ಟು. ಅದು ಹಟ ಮಾಡುತ್ತಿಲ್ಲ, ತಡೆಯಲು ಆಗುತ್ತಿಲ್ಲ. ಇದಕ್ಕೆ ಹೆದರಿ ಬಹಳ ದಿನದಿಂದ ಕೊಡುತ್ತಿದ್ದ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದೂ ಅಪಾಯ. ಮೈಯೊಳಗೆ ಸ್ಟೀರಾಯ್ಡ್ ತಯಾರಿಸುವ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಕೂತಿರುತ್ತದೆ, ಅದು ಮತ್ತೆ ಎಚ್ಚರಾಗಲು ದಿನ ಬೇಕು. ಮೆಲ್ಲಗೆ ಇಳಿಸಬೇಕು, ಡಾಕ್ಟರ್ ಹೇಳಿದ ಲೆಕ್ಕದಲ್ಲಿ.

ಉಣ್ಣಿಜ್ವರ ನಿಜವಾಗಿಯೂ ಬಂದಾಗ ಔಷಧಿಗಳು ಸ್ವಲ್ಪ ಒರಟೇ. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಕೊಟ್ಟರೆ ಬಹಳ ಸಲ ವಾಂತಿಯಾಗುತ್ತದೆ. ಊಟದ ಜೊತೆ ಕೊಡಿ, ಮೇಲೆ ನೀರು ಕುಡಿಸಿ. ಬೆಕ್ಕಿಗೆ ಒಣ ಗುಳಿಗೆ ಗಂಟಲಲ್ಲಿ ಅಂಟಿಕೊಂಡರೆ ಅನ್ನನಾಳದಲ್ಲಿ ಗಾಯವಾಗಿ ಆಮೇಲೆ ಕಿರಿದಾಗುತ್ತದೆ. ಬಬೇಸಿಯಾ ಅನ್ನುವ ಇನ್ನೊಂದು ಉಣ್ಣಿರೋಗಕ್ಕೆ ಇಮಿಡೋಕಾರ್ಬ್ ಸೂಜಿ ಹಾಕಿದರೆ ಜೊಲ್ಲು, ವಾಂತಿ, ಭೇದಿ ಆಗುವುದುಂಟು. ಇದು ಗೊತ್ತಿರುವ ಸಂಗತಿ, ಅದಕ್ಕೇ ಮೊದಲು ಅಟ್ರೋಪಿನ್ ಕೊಡುತ್ತಾರೆ. ಬಬೇಸಿಯಾಕ್ಕೇ ಕೊಡುವ ಇನ್ನೊಂದು ಸೂಜಿ ಡಿಮಿನಜೀನ್ ಮಾತ್ರ ಬೇರೆ ಜಾತಿ. ದನದ ರೋಗಗಳಿಗೂ ಅದೇ ಬಳಕೆಯಲ್ಲಿದೆ. ನಾಯಿಯಲ್ಲಿ ಅದರ ಸರಿ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಡಿಮೆ. ಹೆಚ್ಚಾದರೆ ಮೆದುಳಿನಲ್ಲಿ ರಕ್ತಸ್ರಾವ. ಹಸುವಿಗೆ ಕಲಸಿ ಉಳಿದದ್ದನ್ನು ನಾಯಿಗೆ ಅಂದಾಜಿನಲ್ಲಿ ಹಾಕುವ ಔಷಧಿ ಅಲ್ಲವೇ ಅಲ್ಲ.

ಈಗ ನಿಜವಾದ ಅಡ್ಡಪರಿಣಾಮದ ಕಡೆಗೆ ಬರೋಣ. ಉಣ್ಣಿ, ಚಿಗಟಕ್ಕೆ ಜಗಿಯುವ ಗುಳಿಗೆಗಳು ಬಂದು ವರ್ಷಗಳಾದವು. ಬ್ರಾವೆಕ್ಟೊ, ನೆಕ್ಸ್‌ಗಾರ್ಡ್, ಸಿಂಪ್ಯಾರಿಕಾ ಅನ್ನುವ ಹೆಸರುಗಳು ನಗರದ ನಾಯಿ ಸಾಕುವವರಿಗೆ ಬಾಯಿಪಾಠ. ಇವೆಲ್ಲ ಐಸೊಕ್ಸಜೋಲಿನ್ ಅನ್ನುವ ಒಂದೇ ಗುಂಪಿನವು. 2018ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಈ ಗುಂಪಿನ ಔಷಧಿ ತೆಗೆದುಕೊಂಡ ಕೆಲವು ನಾಯಿ-ಬೆಕ್ಕುಗಳಲ್ಲಿ ಸ್ನಾಯು ನಡುಕ, ತೂರಾಟ, ಫಿಟ್ಸ್ ಕಂಡುಬಂದಿವೆ ಅಂತ. ವಾಟ್ಸ್‌ಆ್ಯಪ್‌ನಲ್ಲಿ ಇದು "ಅಮೆರಿಕದಲ್ಲಿ ನಿಷೇಧಿಸಿದ ಔಷಧಿ" ಅಂತ ಓಡಾಡುತ್ತದೆ. ನಿಷೇಧ ಆಗಿಲ್ಲ. ಹೆಚ್ಚಿನ ಪ್ರಾಣಿಗಳಿಗೆ ಇವು ಸುರಕ್ಷಿತ ಅಂತಲೇ ಎಫ್‌ಡಿಎ ಹೇಳಿತು, ಲೇಬಲ್ ಮೇಲೆ ಮಾಹಿತಿ ಸೇರಿಸಲು ಹೇಳಿತು. ಹಿಂದೆ ಫಿಟ್ಸ್ ಬಂದಿರುವ ನಾಯಿಯಾದರೆ ಡಾಕ್ಟರ್‌ಗೆ ಹೇಳಲೇಬೇಕು, ಬೇರೆ ದಾರಿ ಹುಡುಕಬಹುದು. ಬಾಕಿ ನಾಯಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಅಳತೆಯಿಲ್ಲದ ಎಮ್ಮೆ ಸೂಜಿಗಿಂತ ತೂಕಕ್ಕೆ ತಕ್ಕಂತೆ ಪ್ಯಾಕ್ ಆಗಿ ಬರುವ ಈ ಗುಳಿಗೆ ಎಷ್ಟೋ ವಾಸಿ. ಬೆಲೆ ಜಾಸ್ತಿ, ನಿಜ. ಆದರೆ ಉಣ್ಣಿಜ್ವರದ ಚಿಕಿತ್ಸೆಯೇನು ಅಗ್ಗವೇ?

ಲಸಿಕೆ ಹಾಕಿಸಿದ ದಿನ ಮಂಕಾಗಿರುವುದು, ಸಣ್ಣ ಜ್ವರ, ಸೂಜಿ ಹಾಕಿದಲ್ಲಿ ಗಂಟು ಇವೆಲ್ಲ ಸಾಮಾನ್ಯ, ತಾನೇ ಹೋಗುತ್ತವೆ. ಮುಖ, ತುಟಿ, ಕಣ್ಣಿನ ಸುತ್ತ ಊದುವುದು, ಮೈತುಂಬ ದದ್ದು ಬರುವುದು ಅಲರ್ಜಿ. ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಕುಸಿದುಬೀಳುವಂಥ ತೀವ್ರ ಅಲರ್ಜಿ ಅಪರೂಪ, ಅದು ನಿಮಿಷಗಳಲ್ಲೇ ಕಾಣುತ್ತದೆ. ಅದಕ್ಕೇ ಸೂಜಿ ಹಾಕಿಸಿದ ಕೂಡಲೇ ಬೈಕ್ ಹತ್ತದೆ ಅರ್ಧ ತಾಸು ಅಲ್ಲೇ ಕೂರಬೇಕು. ಮುಂದಿನ ವರ್ಷ ಹೋದಾಗ ಈ ಮಾತು ಹೇಳಿದರೆ ಡಾಕ್ಟರ್ ಮುನ್ನೆಚ್ಚರಿಕೆ ತೆಗೆದುಕೊಳ್ಳುತ್ತಾರೆ. ಮುಖ ಊದಿತು ಅಂತ ರೇಬೀಸ್ ಲಸಿಕೆಯನ್ನೇ ಬಿಡುವವರನ್ನು ನೋಡಿದರೆ ಮಾತ್ರ ಸಿಟ್ಟು ಬರುತ್ತದೆ. ಒಂದು ಕಡೆ ಒಂದು ದಿನದ ಊತ, ಇನ್ನೊಂದು ಕಡೆ ಮನೆಮಂದಿಯ ಜೀವ.

ಔಷಧಿ ಕೊಟ್ಟ ಮೇಲೆ ಏನೋ ಆಯಿತು ಅಂದರೆ ಔಷಧಿಯಿಂದಲೇ ಆಯಿತು ಅಂತಲ್ಲ. ಹುಷಾರಿಲ್ಲ ಅಂತಲೇ ಔಷಧಿ ಕೊಟ್ಟಿರುತ್ತೇವೆ, ರೋಗವೇ ಮುಂದುವರಿದಿರಬಹುದು. ಕುನ್ನಿಮರಿಗೆ ಜಂತಿನ ಔಷಧಿ ಹಾಕಿದ ಮರುದಿನ ಪಾರ್ವೊ ಭೇದಿ ಶುರುವಾದರೆ ಬೈಗುಳ ಜಂತಿನ ಔಷಧಿಗೆ. ಪಾರ್ವೊ ವೈರಸ್ ಮೈಯೊಳಗೆ ಬಂದು ದಿನಗಳೇ ಆಗಿರುತ್ತವೆ. ಡಾಕ್ಟರ್‌ಗಳು ಇದನ್ನು ಬಿಡಿಸುವುದು ಸರಳ ಪ್ರಶ್ನೆಗಳಿಂದ. ಕೊಟ್ಟು ಎಷ್ಟು ಹೊತ್ತಿಗೆ ಶುರುವಾಯಿತು? ಆ ಔಷಧಿಗೆ ಇಂಥ ಪರಿಣಾಮ ಗೊತ್ತಿರುವುದೇ? ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ? ಜೊತೆಗೆ ಇನ್ನೇನು ಕೊಟ್ಟಿದ್ದೀರಿ? ಕೊನೆಯ ಪ್ರಶ್ನೆಗೆ ಜನ ಸುಮ್ನೆ ನಿಲ್ಲುತ್ತಾರೆ. ಮನೆಯಲ್ಲಿ ಕೊಟ್ಟ ಅರ್ಧ ಗುಳಿಗೆಯ ಮಾತು ಹೇಳಲು ನಾಚಿಕೆ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡಿ.

ತೊಂದರೆ ಕಂಡರೆ ಬಾಟಲಿ, ಗುಳಿಗೆಯ ಹಾಳೆ, ಉಳಿದ ಔಷಧಿ ಎಲ್ಲವನ್ನೂ ಜೊತೆಗೆ ಒಯ್ಯಬೇಕು. ಬ್ಯಾಚ್ ನಂಬರ್ ಕಾಣುವಂತೆ ಫೋಟೋ ತೆಗೆದರೆ ಇನ್ನೂ ಚಲೋ. ನಡುಕವನ್ನು, ತೂರಾಟವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ನಿಂತಿರಬಹುದು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಫಿಟ್ಸ್ ಬಂದ ನಾಯಿಯ ಬಾಯಿಗೆ ನೀರು, ಹಾಲು, ಮಜ್ಜಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹಚ್ಚಿದ ಔಷಧಿಯಾಗಿದ್ದು, ನಡುಕ ಇನ್ನೂ ಶುರುವಾಗಿಲ್ಲದಿದ್ದರೆ ಸೋಪು ನೀರಿನಲ್ಲಿ ತೊಳೆದು ಹೊರಡಿ. 1962ಕ್ಕೆ ಕರೆ ಮಾಡಿದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕದ ಸಹಾಯ ಕೇಳಬಹುದು. ಏಪ್ರಿಲ್-ಮೇ ಬಿಸಿಲಲ್ಲಿ ನಿದ್ದೆ ಬರಿಸುವ ಸೂಜಿ ಹಾಕಿಸಿಕೊಂಡ ನಾಯಿಯನ್ನು ಮಾತ್ರ ತಗಡಿನ ಶೆಡ್‌ನಲ್ಲಿ ಬಿಡಬೇಡಿ, ಅದಕ್ಕೆ ಮೈ ತಂಪು ಮಾಡಿಕೊಳ್ಳುವ ಶಕ್ತಿ ಆಗ ಇರುವುದಿಲ್ಲ.

ಇಷ್ಟು ಮನೆಯ ಮಟ್ಟಿಗೆ. ಆದರೆ ಇದನ್ನೆಲ್ಲ ಒಂದು ಕಡೆ ಬರೆದಿಡುವವರು ಯಾರು? ಪಶು ಔಷಧಿಯ ಅಡ್ಡಪರಿಣಾಮಕ್ಕೆ ದೇಶದಲ್ಲೇ ದೊಡ್ಡ ಉದಾಹರಣೆ ರಣಹದ್ದುಗಳದ್ದು. ದನಕ್ಕೆ ಕೊಟ್ಟ ಡೈಕ್ಲೋಫಿನ್ಯಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿತು. ಕೆಲವು ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಣ್ಮರೆಯಾದವು. ಕಾರಣ ಸಿಕ್ಕಿದ್ದು 2004ರಲ್ಲಿ, ಪಶುಗಳಿಗೆ ಆ ಔಷಧಿ ನಿಷೇಧವಾಗಿದ್ದು 2006ರಲ್ಲಿ. ಕೀಟೊಪ್ರೊಫೆನ್, ಅಸಿಕ್ಲೋಫಿನ್ಯಾಕ್ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ಆಕಾಶದಲ್ಲಿ ಹಕ್ಕಿ ಕಾಣದಾದಾಗ ಜನ ಕೇಳಿದರು. ಒಂದು ಹಳ್ಳಿಯಲ್ಲಿ ಒಂದು ನಾಯಿ ಸತ್ತರೆ ಯಾರು ಕೇಳುತ್ತಾರೆ?

ಮನುಷ್ಯರ ಔಷಧಿಗೆ 2010ರಿಂದ ಒಂದು ರಾಷ್ಟ್ರೀಯ ವ್ಯವಸ್ಥೆ ಇದೆ. ಘಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ, ಸಾಮಾನ್ಯ ಜನರೂ ಫೋನ್ ಮಾಡಿ ಅಡ್ಡಪರಿಣಾಮ ತಿಳಿಸಬಹುದು. ಅಮೆರಿಕದಲ್ಲಿ, ಬ್ರಿಟನ್‌ನಲ್ಲಿ ನಾಯಿ ಸಾಕಿದವರೇ ನೇರವಾಗಿ ಸರ್ಕಾರಕ್ಕೆ ವರದಿ ಕಳಿಸುತ್ತಾರೆ. ಉಣ್ಣಿ ಗುಳಿಗೆಯ ಎಚ್ಚರಿಕೆಯ ಹಿಂದೆ ಇದ್ದದ್ದೂ ಇಂಥ ವರದಿಗಳೇ. ನಮ್ಮಲ್ಲಿ ನಾಯಿ-ಬೆಕ್ಕಿನ ಮಾಲೀಕರಿಗೆ ಅಷ್ಟು ಸಲೀಸಾದ, ಎಲ್ಲರಿಗೂ ಗೊತ್ತಿರುವ ಬಾಗಿಲು ಇಲ್ಲ. ಸದ್ಯಕ್ಕೆ ಇರುವ ದಾರಿ ಇಷ್ಟೇ: ಚಿಕಿತ್ಸೆ ಕೊಟ್ಟ ಪಶುವೈದ್ಯರಿಗೆ ಹೇಳಿ ಚೀಟಿಯಲ್ಲಿ ಬರೆಸುವುದು, ಲೇಬಲ್ ಮೇಲಿರುವ ವಿಳಾಸಕ್ಕೆ ಕಂಪನಿಗೆ ತಿಳಿಸುವುದು, ಔಷಧಿಯ ಗುಣಮಟ್ಟದ ಮೇಲೇ ಅನುಮಾನ ಇದ್ದರೆ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರ್‌ಗೆ ದೂರು ಕೊಡುವುದು.

ದೊಡ್ಡ ವ್ಯವಸ್ಥೆ ದೆಹಲಿಯಿಂದ ಬರುವವರೆಗೆ ಕಾಯಬೇಕಿಲ್ಲ ಅನ್ನಿಸುತ್ತದೆ. ಮುಧೋಳದ ಸುತ್ತಮುತ್ತ ಒಂದೇ ತಳಿಯ ಇಷ್ಟು ನಾಯಿಗಳು ಒಂದೇ ಕಡೆ ಇವೆ, ಪಕ್ಕದಲ್ಲೇ ಸಂಶೋಧನಾ ಕೇಂದ್ರವಿದೆ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮರಿ ಮಾರುವಾಗ ಲಸಿಕೆ ಕಾರ್ಡ್ ಕೊಡುವ ರೂಢಿ ಇದೆ. ಅದರಲ್ಲಿ ಲಸಿಕೆಯ ಹೆಸರು, ತಾರೀಖು, ಮುಂದಿನ ತಾರೀಖಿಗೆ ಜಾಗ ಇರುತ್ತದೆ. ಇನ್ನೊಂದು ಕಾಲಂ ಸೇರಿಸಲಿ: ಕೊಟ್ಟ ಔಷಧಿ, ಅವತ್ತಿನ ತೂಕ, ಎಷ್ಟು ಮಿಲಿ, ಆಮೇಲೆ ಏನಾಯಿತು. ಅರಿವಳಿಕೆ ಕೊಟ್ಟಿದ್ದರೆ ನಾಯಿ ಎಷ್ಟು ಹೊತ್ತಿಗೆ ಎದ್ದು ನಿಂತಿತು ಅನ್ನುವುದನ್ನೂ ಬರೆಯಲಿ. ಐದು ವರ್ಷ ಇಂಥ ಕಾರ್ಡ್‌ಗಳು ಜಮೆಯಾದರೆ, ಗ್ರೇಹೌಂಡ್ ಲೆಕ್ಕವನ್ನು ಎರವಲು ತರುವ ಬದಲು ಮುಧೋಳದ ನಾಯಿಗೆ ಮುಧೋಳದ್ದೇ ಲೆಕ್ಕ ಸಿಗುತ್ತದೆ. ಇದಕ್ಕೆ ಬೇಕಾಗಿರುವುದು ಒಂದು ತೂಕದ ಯಂತ್ರ, ಒಂದು ಪೆನ್ನು, ಕಾರ್ಡ್ ಅಚ್ಚು ಹಾಕಿಸುವಾಗ ಇನ್ನೊಂದು ಗೆರೆ.